ಚಂದ್ರತಾಲದ ದಾರಿಯಲ್ಲಿ

ಈ ಪುಟದಲ್ಲಿ ನಾನು ಸಾಧಾರಣವಾಗಿ ಮನೆಯ ಹೊಸ್ತಿಲನ್ನು ದಾಟಿ ಬಹುದೂರ ಹೋಗುವವನಲ್ಲ. ಮಕ್ಕಳ ಓದು, ಹಿರಿಯರ ಆರೈಕೆ, ಹಬ್ಬಹುಣ್ಣಿಮೆಗಳ ಅರ್ಥ, ಇವುಗಳ ಸುತ್ತಲೇ ನನ್ನ ಮಾತು ಸುಳಿಯುವುದು. ಈ ತಿಂಗಳು ಮಾತ್ರ ಹಿಮಾಲಯದ ಒಂದು ಸರೋವರದ ವಿಷಯವನ್ನು ಹೇಳಬೇಕೆಂದು ಮನಸ್ಸಾಗಿದೆ. ಆ ಸರೋವರದ ಸೊಬಗು ಎಷ್ಟು ದೊಡ್ಡದೋ ಅದರ ದಡದಲ್ಲಿ ನಾನು ಮಾಡಿದ ತಪ್ಪೂ ಅಷ್ಟೇ ದೊಡ್ಡದು. ರಜೆ ಬಂದೊಡನೆ ಪರ್ವತಪ್ರದೇಶಗಳಿಗೆ ಹೊರಡುವ ಸಂಸಾರಗಳು ಈಚೆಗೆ ಹೆಚ್ಚುತ್ತಿರುವುದರಿಂದ, ನನ್ನ ತಪ್ಪು ಮತ್ತೊಬ್ಬರಿಗೆ ಎಚ್ಚರಿಕೆಯಾದರೆ ಆಗಲಿ ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಮೂವತ್ತನಾಲ್ಕು ವರ್ಷ ನಾನು ಪಾಠಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಟ್ಟವನು. ಹಿಮವಂತನ ವರ್ಣನೆಯನ್ನು ಎಷ್ಟು ಸಲ ಪಾಠ ಹೇಳಿದೆನೋ ಲೆಕ್ಕವಿಲ್ಲ. ಆದರೆ ಹಿಮವನ್ನು ಕಣ್ಣಾರೆ ಕಂಡವನಲ್ಲ. ಋಗ್ವೇದದ ನದೀಸೂಕ್ತದಲ್ಲಿ ಅಸಿಕ್ನೀ ಎಂಬ ನದಿಯ ಹೆಸರು ಬರುತ್ತದೆ. ಅದಕ್ಕೇ ಚಂದ್ರಭಾಗಾ ಎಂದು ಮತ್ತೊಂದು ಹೆಸರು; ಗ್ರೀಕರು ಅಕೆಸಿನೀಸ್ ಎಂದು ಕರೆದದ್ದೂ ಈಗ ಚೀನಾಬ್ ಎನ್ನಿಸಿಕೊಳ್ಳುವುದೂ ಅದೇ ನದಿಯೇ. ಮೇಲಿನ ತರಗತಿಯ ಹುಡುಗರಿಗೆ ಇದನ್ನೆಲ್ಲ ನಕ್ಷೆಯ ಮೇಲೆ ಬೆತ್ತವಿಟ್ಟು ತೋರಿಸುತ್ತಿದ್ದೆನು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ತಾವು ಅದನ್ನು ನೋಡಿದ್ದೀರಾ, ಸಾರ್?” ಎಂದು ಕೇಳಿಬಿಟ್ಟನು. ಅವನು ತುಂಟತನಕ್ಕೆ ಕೇಳಿದ್ದಲ್ಲ. ಇಲ್ಲವೆಂದು ಹೇಳಿ ಪಾಠವನ್ನು ಮುಂದುವರಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. 2022ನೆಯ ಇಸವಿಯಲ್ಲಿ ನಿವೃತ್ತನಾದಾಗ, ಬಂದ ಹಣದಲ್ಲಿ ಸ್ವಲ್ಪವನ್ನು ಎತ್ತಿಟ್ಟು, ಚಂದ್ರಭಾಗೆಯ ಮೂಲಪ್ರದೇಶವನ್ನು ನೋಡಿಬರಲು ನಿಶ್ಚಯಿಸಿದೆ. ನನ್ನ ಮನೆಯವರು, “ನೀವು ಹೋಗುವುದಾದರೆ ನಾನೂ ಬರುತ್ತೇನೆ, ಅಷ್ಟು ಚಳಿಯಲ್ಲಿ ನಿಮಗೆ ಬಿಸಿನೀರು ಕಾಯಿಸಿಕೊಡುವವರು ಯಾರು?” ಎಂದರು.

ಹೋಗಬೇಕೆಂದಿದ್ದ ಸ್ಥಳದ ವಿವರವನ್ನು ಮೊದಲು ಹೇಳುತ್ತೇನೆ. ಹಿಮಾಚಲ ಪ್ರದೇಶದ ಲಾಹೌಲ್ ಮತ್ತು ಸ್ಪಿತಿ ಜಿಲ್ಲೆಯಲ್ಲಿ ಬಾರಾಲಾಚಾ ಎಂಬ ಬಹಳ ಎತ್ತರದ ಕಣಿವೆದಾರಿಯುಂಟು. ಅದರ ಒಂದು ಮಗ್ಗುಲಿನಲ್ಲಿ ಚಂದ್ರಾ ನದಿಯೂ ಇನ್ನೊಂದು ಮಗ್ಗುಲಿನಲ್ಲಿ ಭಾಗಾ ನದಿಯೂ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು ಬೆಟ್ಟಗಳನ್ನು ಬಳಸಿ, ಕೊನೆಗೆ ತಾಂಡಿ ಎಂಬಲ್ಲಿ ಕೂಡಿ ಚಂದ್ರಭಾಗೆಯಾಗುತ್ತವೆ. ಚಂದ್ರೆಯು ಚಂದ್ರನ ಮಗಳು, ಭಾಗನು ಸೂರ್ಯನ ಮಗ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ, ಬಾರಾಲಾಚಾದಿಂದ ಎರಡು ದಿಕ್ಕಿಗೆ ಹೊರಟು ತಾಂಡಿಯಲ್ಲಿ ಮದುವೆಯಾದರೆಂದು ಆ ನಾಡಿನ ಜನರು ಹೇಳುವ ಕಥೆ. ಚಂದ್ರಾ ನದಿಯ ಮೇಲುಕಣಿವೆಯಲ್ಲಿ, ಸುಮಾರು 4300 ಮೀಟರ್, ಎಂದರೆ 14,000 ಅಡಿಗೂ ಮಿಕ್ಕ ಎತ್ತರದಲ್ಲಿ, ಬೋಳುಬೆಟ್ಟಗಳ ನಡುವೆ ಇರುವ ಸರೋವರವೇ ಚಂದ್ರತಾಲ. ಆ ಕಡೆಯ ಮಾತಿನಲ್ಲಿ ತಾಲವೆಂದರೆ ಸರೋವರ. ಧರ್ಮರಾಜನು ಸಶರೀರನಾಗಿ ಸ್ವರ್ಗಕ್ಕೆ ಹೊರಟದ್ದು ಇಲ್ಲಿಂದಲೇ ಎಂಬ ನಂಬಿಕೆಯೂ ಅಲ್ಲಿ ಉಂಟು. 2005ನೆಯ ಇಸವಿಯಲ್ಲಿ ಇದನ್ನು ರಾಮ್ಸಾರ್ ಒಪ್ಪಂದದ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜಲಪ್ರದೇಶಗಳ ಸಾಲಿಗೆ, ಸೇರಿಸಿದರು. ಪಟ್ಟಿಯಲ್ಲಿ ಬರೆದಿರುವ ವಿಸ್ತೀರ್ಣ 49 ಹೆಕ್ಟೇರ್, ಸುಮಾರು 120 ಎಕರೆ. ನಮ್ಮ ಕಡೆಯ ಒಂದು ಊರಕೆರೆಯಷ್ಟೇ ಎನ್ನಬಹುದು.

ಚಂದ್ರನ ಹೆಸರಿನ ಸರೋವರವನ್ನು ಹುಣ್ಣಿಮೆಯ ದಿನವೇ ನೋಡಬೇಕೆಂಬುದು ನನ್ನ ಆಸೆ. ಗೌರೀಗಣೇಶರ ಹಬ್ಬವನ್ನು ಮುಗಿಸಿಕೊಂಡು ಹೊರಟು, ದೆಹಲಿಯ ಮಾರ್ಗವಾಗಿ ಮನಾಲಿಯನ್ನು ಸೇರಿದಾಗ ಸೆಪ್ಟೆಂಬರ್ 9ನೆಯ ತಾರೀಖು. ಭಾದ್ರಪದದ ಹುಣ್ಣಿಮೆ ಮರುದಿನವೇ, 10ನೆಯ ತಾರೀಖು. ಬಾಡಿಗೆಗೆ ಗೊತ್ತುಮಾಡಿದ ಮೋಟಾರಿನ ಚಾಲಕನು ಲಾಹೌಲಿನವನೇ, ನಡುವಯಸ್ಸಿನವನು, ಮಿತಭಾಷಿ. ನಮ್ಮಿಬ್ಬರನ್ನೂ ಒಮ್ಮೆ ನೋಡಿ, “ಮಾಸ್ಟರ್‌ಜೀ, ನೇರವಾಗಿ ಹೋಗುವುದು ಬೇಡ. ಸಿಸ್ಸೂ ಗ್ರಾಮದಲ್ಲಿಯೋ ಕೇಲಾಂಗಿನಲ್ಲಿಯೋ ಎರಡು ರಾತ್ರಿ ಉಳಿಯೋಣ. ಮೈ ಒಗ್ಗಿದ ಮೇಲೆ ಚಂದ್ರತಾಲಕ್ಕೆ ಕರೆದುಕೊಂಡು ಹೋಗುತ್ತೇನೆ” ಎಂದನು. ನಾನು ಪಂಚಾಂಗದ ಲೆಕ್ಕವನ್ನು ಹೇಳಿದೆ: ಎರಡು ರಾತ್ರಿ ಉಳಿದರೆ ಹುಣ್ಣಿಮೆ ಕಳೆದುಹೋಗುತ್ತದೆ. ಅವನು ಮತ್ತೊಮ್ಮೆ ಹೇಳಿದನು. ಮೂವತ್ತನಾಲ್ಕು ವರ್ಷ ಎದುರುಮಾತಿಲ್ಲದೆ ಪಾಠ ಹೇಳಿದ ಅಭ್ಯಾಸದಿಂದ ನಾನು ಒಪ್ಪಲಿಲ್ಲ. ವಾಚಕರು ಗಮನಿಸಬೇಕು: ತಪ್ಪು ನಡೆದದ್ದು ಬೆಟ್ಟದ ಮೇಲಲ್ಲ, ಮನಾಲಿಯ ಬೀದಿಯಲ್ಲಿ, ಬಲ್ಲವನ ಮಾತನ್ನು ನಾನು ತಳ್ಳಿಹಾಕಿದ ಆ ಗಳಿಗೆಯಲ್ಲಿ.

ಮನಾಲಿಯ ಎತ್ತರ ಸುಮಾರು 2050 ಮೀಟರ್. ಹಿಂದೆ ಲಾಹೌಲಿಗೆ ಹೋಗಬೇಕಾದರೆ ರೋಹತಾಂಗ್ ಕಣಿವೆದಾರಿಯನ್ನು ಹತ್ತಿ ಇಳಿಯಬೇಕಾಗಿದ್ದಿತು. ಚಳಿಗಾಲದಲ್ಲಿ ಆ ದಾರಿ ತಿಂಗಳುಗಟ್ಟಲೆ ಮುಚ್ಚಿಹೋಗುತ್ತಿತ್ತು. 2020ನೆಯ ಇಸವಿಯ ಅಕ್ಟೋಬರಿನಲ್ಲಿ ಬೆಟ್ಟದ ಹೊಟ್ಟೆಯನ್ನು ಕೊರೆದ ಅಟಲ್ ಸುರಂಗ ತೆರೆಯಿತು. ಅದರ ಉದ್ದ 9.02 ಕಿಲೋಮೀಟರ್. ಲಾಹೌಲಿನ ಜನಕ್ಕೆ ಅದು ಮಹೋಪಕಾರ. ಕಾಯಿಲೆಯವರನ್ನು ಚಳಿಗಾಲದಲ್ಲಿಯೂ ಕೆಳಗಿಳಿಸಬಹುದು. ನಮ್ಮಂಥ ಆತುರಗಾರರಿಗೆ ಅದೇ ಒಂದು ಪ್ರಲೋಭನೆಯೂ ಆಯಿತು. ಬೆಳಗಿನ ಜಾವ ಹೊರಟವರು, ಹೊತ್ತೇರುವುದರೊಳಗೆ ಸುರಂಗವನ್ನು ದಾಟಿ ಚಂದ್ರಾ ನದಿಯ ದಡದಲ್ಲಿದ್ದೆವು. ಇತ್ತ ಪೈನ್ ಮತ್ತು ದೇವದಾರುಗಳ ಹಸುರು. ಸುರಂಗದಿಂದಾಚೆಗೆ ಬರಬರುತ್ತ ಮರಗಳೇ ಇಲ್ಲ. ಬರಿಯ ಬಂಡೆ, ಜಲ್ಲಿ, ಆಕಾಶ.

ಕೋಕ್ಸರ್ ದಾಟಿ ಗ್ರಾಂಫೂ ಎಂಬಲ್ಲಿಂದ ಮುಂದೆ ರಸ್ತೆಯೆಂಬುದು ಹೆಸರಿಗೆ ಮಾತ್ರ. ಛತ್ರೂ, ಛೋಟಾ ದಾರಾ ಎಂಬ ತಂಗುದಾಣಗಳನ್ನು ಹಾದು, ದಾರಿಯ ಮೇಲೆಯೇ ಹರಿಯುವ ಹಳ್ಳಗಳಲ್ಲಿ ಮೋಟಾರನ್ನು ಇಳಿಸಿ ಏರಿಸಿ ಬಾತಾಲ್ ಸೇರಬೇಕು. ಪಕ್ಕದಲ್ಲಿ ಚಂದ್ರೆಯು ಬೂದಿ ಕಲಸಿದ ನೀರಿನಂತೆ ಹರಿಯುತ್ತಿದ್ದಳು. ಹೆಸರು ಚಂದ್ರೆ, ಬಣ್ಣ ಹೀಗೇಕೆ ಎಂದು ವಾಚಕರು ಕೇಳಬಹುದು. ಹಿಮನದಿಯೆಂಬುದು ನಿಂತ ಮಂಜುಗಡ್ಡೆಯಲ್ಲ. ತನ್ನ ಭಾರದಿಂದಲೇ ಬಹು ಮೆಲ್ಲಗೆ ಕೆಳಮುಖವಾಗಿ ಜಾರುವ ಹಿಮದ ರಾಶಿ. ಜಾರುವಾಗ ತಳದಲ್ಲಿ ಸಿಕ್ಕಿದ ಕಲ್ಲುಗಳು ಬಂಡೆಯನ್ನು ಉಜ್ಜುತ್ತವೆ. ಬೀಸುವ ಕಲ್ಲಿನಿಂದ ಹಿಟ್ಟು ಉದುರುವಂತೆ ನುಣ್ಣನೆಯ ಕಲ್ಲುಹಿಟ್ಟು ಉದುರಿ ನೀರಿನಲ್ಲಿ ಬೆರೆಯುತ್ತದೆ. ಹಿಮಾಚಲ ಪ್ರದೇಶದಲ್ಲಿಯೇ ಅತಿ ದೊಡ್ಡದಾದ ಬಡಾ ಶಿಗ್ರಿ ಹಿಮನದಿಯ ನೀರು ಈ ಚಂದ್ರೆಗೇ ಬಂದು ಸೇರುವುದು. ಆ ಕಲ್ಲುಹಿಟ್ಟೇ ನದಿಯ ಬೂದುಬಣ್ಣಕ್ಕೆ ಕಾರಣ.

ಇಂಥ ಹಿಮನದಿಗಳೇ ಸರೋವರಗಳನ್ನೂ ಮಾಡುವುವು. ಸಾವಿರಾರು ವರ್ಷ ನೆಲವನ್ನು ಕೆತ್ತಿ ತಗ್ಗು ಮಾಡಿ, ಮುಂದುಗಡೆ ಕಲ್ಲುಮಣ್ಣುಗಳ ದಿಬ್ಬವನ್ನು ಪೇರಿಸಿ, ಕಾಲ ಬೆಚ್ಚಗಾದಂತೆ ಹಿಮವು ಹಿಂದೆ ಸರಿಯುತ್ತದೆ. ಆ ತಗ್ಗಿನಲ್ಲಿ ಕರಗಿದ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಹಿಟ್ಟೆಲ್ಲ ತಳಕ್ಕಿಳಿದು, ಮೇಲಣ ನೀರು ಸ್ಫಟಿಕವಾಗುತ್ತದೆ. ಇದನ್ನೆಲ್ಲ ನಾನು ಮೋಟಾರಿನಲ್ಲಿ ಉತ್ಸಾಹದಿಂದ ನನ್ನ ಮನೆಯವರಿಗೆ ವಿವರಿಸುತ್ತಲೇ ಇದ್ದೆ. ಅವರು “ಹೌದೇ” ಎನ್ನುತ್ತ ಕಣ್ಣು ಮುಚ್ಚಿ ಒರಗಿದ್ದರು. ನಿದ್ದೆಗೆಟ್ಟಿದೆ ಎಂದು ನಾನು ತಿಳಿದೆ. ಛತ್ರೂ ದಾಟಿದಾಗಿನಿಂದಲೇ ಅವರಿಗೆ ತಲೆನೋವು ಹತ್ತಿದ್ದಿತು. ನನ್ನ ಸಂತೋಷಕ್ಕೆ ಅಡ್ಡಿಯಾಗಬಾರದೆಂದು ಹೇಳಲಿಲ್ಲವಂತೆ. ಈ ಮಾತು ನನಗೆ ತಿಳಿದದ್ದು ಮರುದಿನ.

ಬಾತಾಲಿನಿಂದ ಸರೋವರದ ಕಡೆಗೆ ಸುಮಾರು 14 ಕಿಲೋಮೀಟರ್ ಇಕ್ಕಟ್ಟಾದ ದಾರಿ. ನೀರಿನ ದಡದಲ್ಲಿ ಗುಡಾರ ಹಾಕಲು ಅಪ್ಪಣೆಯಿಲ್ಲ. ಗುಡಾರಗಳೆಲ್ಲ ಕೆಲವು ಕಿಲೋಮೀಟರ್ ಈಚೆಗೇ ಇರುವುವು. ಇದು ಒಳ್ಳೆಯ ಕಟ್ಟಳೆ. ಅಲ್ಲಿ ಚೀಲಗಳನ್ನು ಇಳಿಸಿ ಮುಂದೆ ಹೋದೆವು. ಮೋಟಾರು ನಿಲ್ಲುವಲ್ಲಿಂದ ಸುಮಾರು ಒಂದು ಕಿಲೋಮೀಟರ್ ನಡೆಯಬೇಕು. ಮೂರು ಗಂಟೆಯ ಹೊತ್ತಿಗೆ ಒಂದು ದಿಬ್ಬವನ್ನು ಬಳಸಿದೆವು. ಒಮ್ಮೆಗೇ ಸರೋವರವು ಕಣ್ಣಿಗೆ ಬಿತ್ತು.

ಅದನ್ನು ವರ್ಣಿಸಲು ನಾನು ಓದಿದ ಯಾವ ಕಾವ್ಯವೂ ಆಗ ನೆರವಿಗೆ ಬರಲಿಲ್ಲ. ದಡದ ಬಳಿ ತಳದ ಒಂದೊಂದು ಕಲ್ಲೂ ಕಾಣುವಷ್ಟು ತಿಳಿನೀರು. ಸ್ವಲ್ಪ ಮುಂದೆ ಹಸುರು. ನಡುವೆ ನೋಡುತ್ತಿದ್ದಂತೆಯೇ ಗಾಢವಾಗುವ ನೀಲಿ. ಸುತ್ತ ಬೆಟ್ಟಗಳು ಕಂದು, ನಸುಗೆಂಪು, ಹಳದಿಯ ಬಣ್ಣ ತಳೆದಿದ್ದವು; ಅವುಗಳ ಹಿಂದೆ ಹಿಮದ ಶಿಖರಗಳು. ಮೋಡವೊಂದು ಹಾದುಹೋದರೆ ಇಡೀ ನೀರಿನ ಬಣ್ಣವೇ ಬೇರೆಯಾಗುವುದು. ಶಬ್ದವೆಂಬುದೇ ಇಲ್ಲ. ಬೇಸಗೆಯಲ್ಲಿ ಗದ್ದೀ ಕುರುಬರು ಕುರಿಮಂದೆಗಳನ್ನು ಈ ಹುಲ್ಲುಗಾವಲುಗಳಿಗೆ ಹೊಡೆದುಕೊಂಡು ಬರುವರು. ನಾವು ಹೋದಾಗ ಅವರೂ ಕೆಳಗಿಳಿದಿದ್ದರು. ನೀರಿನ ಮೇಲೆ ಎರಡು ಹಕ್ಕಿಗಳಿದ್ದವು. ಮೈಯೆಲ್ಲ ಕೇಸರಿ, ತಲೆ ತುಸು ಬಿಳಿಚು. ಹತ್ತಿರ ಬಂದಾಗ ನನ್ನ ಎದೆ ಹಾರಿತು: ಚಕ್ರವಾಕಗಳು! ಕಾವ್ಯಗಳಲ್ಲಿ ಸಾವಿರ ಸಲ ಕಂಡ ಹಕ್ಕಿಯನ್ನು ಜೀವಂತವಾಗಿ ಕಂಡದ್ದು ಆಗಲೇ. ಹಗಲೆಲ್ಲ ಜೊತೆಗಿದ್ದು, ಇರುಳಾಗುತ್ತಲೇ ಅಗಲಿ, ಒಂದು ಈ ದಡದಲ್ಲಿ ಒಂದು ಆ ದಡದಲ್ಲಿ ಕೂಗಿಕೊಳ್ಳುವುವೆಂಬುದು ಕವಿಗಳ ಸಂಪ್ರದಾಯ. ಇದನ್ನು ಹೇಳಿದಾಗ ನನ್ನ ಮನೆಯವರು ನಕ್ಕರು. “ನಾನು ಇಲ್ಲಿ ಸ್ವಲ್ಪ ಕುಳಿತಿರುತ್ತೇನೆ; ನೀವು ಒಂದು ಪ್ರದಕ್ಷಿಣೆ ಬನ್ನಿ” ಎಂದು ಒಂದು ಕಲ್ಲಿನ ಮೇಲೆ ಕುಳಿತರು.

ಸರೋವರದ ಸುತ್ತಳತೆ ಸುಮಾರು ಎರಡೂವರೆ ಕಿಲೋಮೀಟರ್. ಹತ್ತು ಹೆಜ್ಜೆಗೊಮ್ಮೆ ಉಸಿರಿಗೆ ನಿಲ್ಲುತ್ತ, ಆದರೂ ಮನಸ್ಸಿನಲ್ಲಿ ಹಿಗ್ಗುತ್ತ ನಡೆದೆ. ಆಚೆಯ ದಡಕ್ಕೆ ಹೋಗಿ ತಿರುಗಿ ನೋಡಿದಾಗ, ನೀರಿನಾಚೆ ಅವರು ಬೊಟ್ಟಿನಷ್ಟು ಚಿಕ್ಕದಾಗಿ ಕಾಣುತ್ತಿದ್ದರು. ನಾನು ಉತ್ತರೀಯವನ್ನು ಬೀಸಿದೆ. ಅವರು ಕೈಯೆತ್ತಲಿಲ್ಲ. ಮತ್ತೆ ಬೀಸಿದೆ. ತಲೆಯನ್ನು ಎರಡು ಕೈಗಳಲ್ಲಿಯೂ ಹಿಡಿದು ಮುಂದಕ್ಕೆ ಬಾಗಿ ಕುಳಿತಿದ್ದಾರೆಂಬುದು ಆಗ ಕಾಣಿಸಿತು. ಈ ಕಡೆಯಿಂದ ಹೋದರೂ ಆ ಕಡೆಯಿಂದ ಹೋದರೂ ದಾರಿ ಒಂದೇ ಅಳತೆ. ಓಡಲು ಎದೆಯಲ್ಲಿ ಉಸಿರಿಲ್ಲ. ನಲವತ್ತು ವರ್ಷ ನನ್ನ ಜೊತೆ ಬಾಳಿದವರನ್ನು ನೀರಿನಾಚೆ ಒಬ್ಬರನ್ನೇ ಬಿಟ್ಟು ಬಂದೆನಲ್ಲಾ ಎಂದು ಆ ಅರ್ಧ ಗಂಟೆಯಲ್ಲಿ ಪಟ್ಟ ಪಶ್ಚಾತ್ತಾಪವನ್ನು ಬರೆಯಲಾರೆ.

ನಾನು ತಲುಪುವ ವೇಳೆಗೆ ಅವರು ಒಮ್ಮೆ ವಾಂತಿ ಮಾಡಿಕೊಂಡಿದ್ದರು. ಮೋಟಾರಿನವರೆಗೆ ಕೈಹಿಡಿದು ನಡೆಸಿಕೊಂಡು ಬಂದೆ. ಚಾಲಕನು ನೋಡಿದೊಡನೆ ಕೆಳಗಿಳಿದು, “ಮಾತಾಜೀ, ಈ ಗೆರೆಯ ಮೇಲೆ ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿಯನ್ನು ತಾಗಿಸಿ ನಾಲ್ಕು ಹೆಜ್ಜೆ ಇಡಿ” ಎಂದು ನೆಲದಲ್ಲಿ ಗೀಟೆಳೆದನು. ಎರಡನೆಯ ಹೆಜ್ಜೆಗೇ ಅವರು ವಾಲಿದರು. ಅವನ ಮುಖ ಬದಲಾಯಿತು. “ಈಗಲೇ ಇಳಿಯಬೇಕು” ಎಂದನು. ನಾನು ಆಗಲೂ, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, “ಗುಡಾರದಲ್ಲಿ ಆಮ್ಲಜನಕದ ಸಿಲಿಂಡರು ಇದೆಯಲ್ಲ, ಒಂದು ರಾತ್ರಿ ವಿಶ್ರಾಂತಿ ತೆಗೆದುಕೊಂಡರೆ ಆಗದೇ?” ಎಂದೆ. ಅವನು ಗಟ್ಟಿಯಾಗಿ ಮಾತನಾಡಲಿಲ್ಲ. “ಸಿಲಿಂಡರು ದಾರಿಗೆ, ಮಾಸ್ಟರ್‌ಜೀ, ರಾತ್ರಿ ಕಳೆಯುವುದಕ್ಕಲ್ಲ. ಚಂದ್ರನು ಮುಂದಿನ ತಿಂಗಳೂ ಬರುತ್ತಾನೆ” ಎಂದನು.

ಹಿಮ ಕರಗಿದ ಹಳ್ಳಗಳಲ್ಲಿ ಬೆಳಗ್ಗೆ ನೀರು ಕಡಮೆ. ಹಗಲಿನ ಬಿಸಿಲಿಗೆ ಕರಗಿದ್ದೆಲ್ಲ ಇಳಿದು ಸಂಜೆಗೆ ಹೆಚ್ಚುತ್ತದೆ. ಅದಕ್ಕಾಗಿಯೇ ಆ ದಾರಿಯವರು ಸಂಜೆಯ ಪ್ರಯಾಣವನ್ನು ಇಷ್ಟಪಡರು. ಆದರೂ ಅವನು ಹೊರಟನು. ಬೆಳಕಿರುವಾಗಲೇ ಕೆಟ್ಟ ಹಳ್ಳಗಳನ್ನು ದಾಟಿಸಿದನು; ಒಂದೆಡೆ ತಾನೇ ನೀರಿಗಿಳಿದು ಕಲ್ಲುಗಳನ್ನು ಸರಿಸಿದನು. ನಾನು ಹಿಂದಿನ ಆಸನದಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಿಲಿಂಡರಿನ ಮುಖವಾಡವನ್ನು ಹಿಡಿದು, ಒಂದೊಂದು ಉಸಿರನ್ನೂ ಎಣಿಸುತ್ತ ಕುಳಿತಿದ್ದೆ. ಛತ್ರೂವಿನ ಬಳಿ, ಸುಮಾರು ಒಂದು ಸಾವಿರ ಮೀಟರ್ ಇಳಿದಿದ್ದಾಗ, ಅವರು ಕಣ್ಣು ತೆರೆದು ಮುಖವಾಡವನ್ನು ಸರಿಸಿ, “ನಿಮ್ಮ ರಾತ್ರಿಯ ಮಾತ್ರೆ ತೆಗೆದುಕೊಂಡಿರಾ?” ಎಂದು ಕೇಳಿದರು. ನನಗೆ ಉತ್ತರ ಹೇಳಲಾಗಲಿಲ್ಲ. ಆಮೇಲೆ ಯಾವಾಗಲೋ ಹೊರಗೆ ನೋಡಿದಾಗ ಕಣಿವೆಯ ತುಂಬ ಬೆಳದಿಂಗಳು. ಚಂದ್ರನು ಎಷ್ಟು ಹೊತ್ತಿನಿಂದ ನಮ್ಮ ಜೊತೆಗೆ ಬರುತ್ತಿದ್ದನೋ ನನಗೆ ಗೊತ್ತೇ ಇರಲಿಲ್ಲ.

ಆ ರಾತ್ರಿ ಸಿಸ್ಸೂ ಗ್ರಾಮದಲ್ಲಿ ತಂಗಿದೆವು. ಮರುದಿನ ಕೇಲಾಂಗಿನಲ್ಲಿ ವೈದ್ಯರು ಪರೀಕ್ಷಿಸಿ, ಇಳಿದದ್ದೇ ತಕ್ಕ ಚಿಕಿತ್ಸೆಯಾಯಿತೆಂದೂ ರಾತ್ರಿ ಮೇಲೆಯೇ ಉಳಿದಿದ್ದರೆ ಮೆದುಳಿಗೆ ಬಾವು ಬರುವ ಸಂಭವವಿತ್ತೆಂದೂ ಹೇಳಿದರು. ಅವರು ವಿವರಿಸಿದ್ದನ್ನು ಗೃಹಸ್ಥರ ಉಪಯೋಗಕ್ಕಾಗಿ ಸಂಗ್ರಹಿಸುತ್ತೇನೆ. 4300 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರತೀರದಲ್ಲಿ ದೊರೆಯುವುದರ ಐದರಲ್ಲಿ ಮೂರು ಪಾಲು ಮಾತ್ರ. ದೇಹವು ಇದಕ್ಕೆ ಒಗ್ಗಿಕೊಳ್ಳಬಲ್ಲುದು, ಆದರೆ ದಿನಗಳ ಮೇಲೆ, ಗಂಟೆಗಳ ಮೇಲಲ್ಲ. 3000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು. ತಲೆನೋವು, ಓಕರಿಕೆ, ತಲೆಸುತ್ತು, ವಿಪರೀತ ಆಯಾಸ, ಇವು ಮೊದಲ ಗುರುತುಗಳು. ಕಂಡರೆ ಅಲ್ಲಿಂದ ಮೇಲಕ್ಕೆ ಹೋಗಬಾರದು. ನಡೆಯುವಾಗ ವಾಲಾಟ, ಮಾತಿನಲ್ಲಿ ಗಲಿಬಿಲಿ, ಕುಳಿತಿದ್ದರೂ ಏದುಸಿರು ಕಂಡರೆ ಬೆಳಗಾಗಲೆಂದು ಕಾಯದೆ ಇಳಿಯಬೇಕು. ಗಟ್ಟಿಮುಟ್ಟಾದ ತರುಣರಿಗೂ ಇದು ತಪ್ಪಿದ್ದಲ್ಲ. ರಕ್ತದೊತ್ತಡ, ಹೃದಯ, ಶ್ವಾಸಕೋಶಗಳ ತೊಂದರೆಯುಳ್ಳವರು ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳತಕ್ಕದ್ದು. ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದುಂಟು: ಜೊತೆಗೆ ಬಂದವರು ತಲೆನೋವನ್ನು ಬಚ್ಚಿಡಬೇಕಾದಂಥ ಉತ್ಸಾಹವನ್ನು ಯಜಮಾನನಾದವನು ತೋರಿಸಕೂಡದು.

ಸಿಸ್ಸೂವಿನ ನೆತ್ತಿಯ ಮೇಲೆ ಘೇಪಾಂಗ್ ಎಂಬ ಶಿಖರವಿದೆ. ಅಲ್ಲಿಯೂ ಒಂದು ಹಿಮಸರೋವರವಿದೆಯೆಂದೂ ಅದು ವರ್ಷವರ್ಷಕ್ಕೂ ದೊಡ್ಡದಾಗುತ್ತಿದೆಯೆಂದೂ ನಾವು ಇಳಿದಿದ್ದ ಮನೆಯಾಕೆ ಹೇಳಿದಳು. ಆಕೆಯ ಮಾತು ನಿಜ. 1989ರಲ್ಲಿ 36.49 ಹೆಕ್ಟೇರ್ ಇದ್ದ ಘೇಪಾಂಗ್ ಘಾಟ್ ಸರೋವರವು 2022ರ ವೇಳೆಗೆ 101.30 ಹೆಕ್ಟೇರ್ ಆಗಿತ್ತೆಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು ಉಪಗ್ರಹದ ಚಿತ್ರಗಳಿಂದ ಲೆಕ್ಕಹಾಕಿ 2024ನೆಯ ಇಸವಿಯಲ್ಲಿ ಪ್ರಕಟಿಸಿದರು. ಭೂಮಿ ಬಿಸಿಯೇರಿ ಹಿಮವು ಬೇಗಬೇಗನೆ ಕರಗುತ್ತಿರುವುದರ ಫಲವಿದು. ಇಂಥ ಕಡೆ ಕಲ್ಲುಮಣ್ಣಿನ ದಿಬ್ಬ ಒಡೆದರೆ ಕೆಳಗಿನ ಊರುಗಳಿಗೆ ಅಪಾಯ. ಹಿಮವು ಸಾವಿರಾರು ವರ್ಷ ನಿಧಾನವಾಗಿ ಮಾಡಿದ ಕೆಲಸದಲ್ಲಿ ಮನುಷ್ಯನು ಅವಸರವನ್ನು ತಂದರೆ ಅದು ಕೇಡಿಗೇ ದಾರಿ. ನಾನು ಒಂದು ಹಗಲಿನಲ್ಲಿ ಮುಗಿಸಹೊರಟ ಯಾತ್ರೆಯೂ ಅದೇ ಜಾತಿಯದು.

ಎರಡು ದಿನಗಳಲ್ಲಿ ನನ್ನ ಮನೆಯವರು ಚೇತರಿಸಿಕೊಂಡರು. ಮತ್ತೆ ಮೇಲಕ್ಕೆ ಹೋಗುವ ಮಾತನ್ನು ನಾನೂ ಎತ್ತಲಿಲ್ಲ, ಚಾಲಕನೂ ಎತ್ತಲಿಲ್ಲ. ಕೇಲಾಂಗಿಗೆ ಹತ್ತಿರದಲ್ಲಿಯೇ ಇರುವ ತಾಂಡಿಗೆ ಮೂವರೂ ಹೋದೆವು. ಒಂದು ಕಡೆಯಿಂದ ಚಂದ್ರೆ, ಇನ್ನೊಂದು ಕಡೆಯಿಂದ ಭಾಗಾ. ಎರಡರ ನೀರೂ ಸ್ವಲ್ಪ ದೂರ ಪಕ್ಕಪಕ್ಕದಲ್ಲಿ ಹರಿದು ಆಮೇಲೆ ಒಂದಾಗುತ್ತವೆ. ನಾನು ನಕ್ಷೆಯ ಮೇಲೆ ಬೆತ್ತವಿಟ್ಟು ತೋರಿಸುತ್ತಿದ್ದ ಅಸಿಕ್ನೀ ಇದೇ. ಚಂದ್ರತಾಲದಿಂದ ಹೊರಬೀಳುವ ತೊರೆಯು ಚಂದ್ರೆಯನ್ನೇ ಸೇರುವುದರಿಂದ, ಆ ಸರೋವರದ ನೀರೂ ಇದರಲ್ಲಿ ಉಂಟು. ನಾವು ಏರಿಹೋಗಿ ನಿಲ್ಲಲಾರದೆ ಬಿಟ್ಟುಬಂದ ನೀರು ತಾನೇ ಇಳಿದು ನಮ್ಮ ಕಾಲ ಬಳಿಗೆ ಬಂದಿದ್ದಿತು. ನನ್ನ ಮನೆಯವರು ಬಗ್ಗಿ ಬೊಗಸೆಯಲ್ಲಿ ನೀರನ್ನು ತೆಗೆದುಕೊಂಡು ಮೊದಲು ಚಾಲಕನ ಕೈಗೆ, ಆಮೇಲೆ ನನ್ನ ಕೈಗೆ ಹಾಕಿದರು. ಆ ಕ್ರಮ ಸರಿಯಾಗಿಯೇ ಇತ್ತು.

ಊರಿಗೆ ಬಂದ ಮೇಲೆ ಆ ಹಳೆಯ ಶಿಷ್ಯನು ಒಮ್ಮೆ ಮನೆಗೆ ಬಂದಿದ್ದನು. “ನೋಡಿದಿರಾ, ಸಾರ್?” ಎಂದು ಮತ್ತೆ ಕೇಳಿದನು. “ನೋಡಿದೆ; ಆದರೆ ಹುಣ್ಣಿಮೆಯ ಚಂದ್ರನನ್ನು ಅದರಲ್ಲಿ ಕಾಣಲಿಲ್ಲ” ಎಂದೆ. ಒಳಗಿನಿಂದ ನನ್ನ ಮನೆಯವರು ಕಾಫಿಯ ಲೋಟಗಳನ್ನು ತಂದಿಟ್ಟು, “ಇನ್ನೊಂದು ಸಲ ಹೋದರೆ ಎರಡು ರಾತ್ರಿ ಸಿಸ್ಸೂವಿನಲ್ಲಿ ನಿಂತು ಹೋಗೋಣ” ಎಂದರು. ಪಂಚಾಂಗವನ್ನು ಈ ಸಲ ನಾನು ತೆಗೆಯಲಿಲ್ಲ.